ಮರೆತವನನ್ನು ಕೇಳುವವರು

ಕೆಲವು ತಿಂಗಳ ಹಿಂದೆ ನನ್ನ ಅಣ್ಣನ ಮೊಮ್ಮಗಳು ಒಂದು ಇಂಗ್ಲಿಷ್ ಕಾದಂಬರಿಯನ್ನು ಹಿಡಿದುಕೊಂಡು ನನ್ನ ಕೊಠಡಿಗೆ ಬಂದಳು. ಆಕೆಗೆ ಹದಿನೇಳು ವರ್ಷ. “ತಾತ, ಈ ಹುಡುಗನಿಗೆ ಎಲ್ಲ ಮರೆತುಹೋಗಿದೆ. ಅವನ ಅಪ್ಪ ಅಮ್ಮನಿಗೆ ಏನಾಯಿತು ಅಂತ ಒಬ್ಬರು ಅವನನ್ನು ಕೇಳ್ತಾನೇ ಇದ್ದಾರೆ. ಅವನಿಗೆ ನೆನಪು ಬಂದರೆ ಒಳ್ಳೆಯದೋ, ಬಾರದಿದ್ದರೆ ಒಳ್ಳೆಯದೋ?” ಎಂದು ಕೇಳಿದಳು. ಓದಿ ಹೇಳುತ್ತೇನೆಂದು ಅಂದು ತಪ್ಪಿಸಿಕೊಂಡೆ. ಓದಿದ ಮೇಲೆ, ಆಕೆಯ ಪ್ರಶ್ನೆ ನಾನು ಎಣಿಸಿದ್ದಕ್ಕಿಂತ ಕಠಿಣವಾದದ್ದೆಂದು ತಿಳಿಯಿತು. ಇಂದಿನ ನನ್ನ ಮಾತು ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ನಮ್ಮ ತಲೆಮಾರಿನವರು ಪತ್ತೇದಾರಿ ಕಾದಂಬರಿಗಳನ್ನು ಓದಿದ್ದು ಗಣಿತದ ಪುಸ್ತಕದ ಮರೆಯಲ್ಲಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮಗೆ ಮನೆಯ ಮನುಷ್ಯನಷ್ಟೇ ಪರಿಚಿತನಾಗಿದ್ದ. ಆ ಕಥೆಗಳೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: ಮಾಡಿದವರು ಯಾರು? ಉತ್ತರ ತಿಳಿದವನು ಸುಳ್ಳು ಹೇಳುತ್ತಿದ್ದ, ಪತ್ತೇದಾರ ಅದನ್ನು ಹೊರಗೆಳೆಯುತ್ತಿದ್ದ. ಆದರೆ ಉತ್ತರ ತಿಳಿದಿರಬೇಕಾದವನೇ ಅದನ್ನು ಮರೆತುಬಿಟ್ಟಿದ್ದರೆ? ಕೊಲೆ ನಡೆದಿರಬಹುದೆಂಬ ಸಂಶಯವಿದೆ, ಆ ಹೊತ್ತಿನಲ್ಲಿ ಅಲ್ಲಿದ್ದವನು ಬದುಕಿದ್ದಾನೆ, ಅವನು ಸುಳ್ಳುಗಾರನಲ್ಲ, ಆದರೂ ಅವನ ಬಾಯಿಂದ ಬರುವುದು “ನೆನಪಿಲ್ಲ” ಎಂಬ ಮಾತು. ಇಂಥ ಕಥೆಯಲ್ಲಿ ಅಪರಾಧಿಯನ್ನು ಹುಡುಕುವ ಕೆಲಸ ಒಬ್ಬ ಮನುಷ್ಯ ತನ್ನನ್ನೇ ಹುಡುಕಿಕೊಳ್ಳುವ ಕೆಲಸವಾಗುತ್ತದೆ. ತಾನು ಯಾರೆಂದು ಇನ್ನೂ ಗೊತ್ತುಮಾಡಿಕೊಳ್ಳುತ್ತಿರುವ ವಯಸ್ಸಿನ ಓದುಗರಿಗೆ ಇಂಥ ಕಥೆಗಳು ಅಷ್ಟು ಪ್ರಿಯವಾಗಿರುವುದು ಈ ಕಾರಣದಿಂದಲೇ ಇರಬೇಕು.

ಮರೆವನ್ನು ಕಥೆಯ ಕೀಲಿಯಾಗಿ ಬಳಸುವುದು ನಮಗೆ ಹೊಸದಲ್ಲ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ಆತ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಅರಿಯೆನೆನ್ನುತ್ತಾನೆ. ಕಾಳಿದಾಸನು ಇದೇ ಕಥೆಗೆ ದುರ್ವಾಸರ ಶಾಪವನ್ನೂ ಉಂಗುರವನ್ನೂ ತಂದು, ರಾಜನ ಸುಳ್ಳನ್ನು ಮರೆವನ್ನಾಗಿ ಮಾಡಿದ. ಬಸವಪ್ಪಶಾಸ್ತ್ರಿಗಳ ಕನ್ನಡ ಅನುವಾದದ ಮೂಲಕ ನಮ್ಮ ರಂಗಭೂಮಿಗೂ ಬಂದ ದುಷ್ಯಂತ ಈ ಮರೆತ ದುಷ್ಯಂತನೇ. ಉಂಗುರ ಕಣ್ಣಿಗೆ ಬಿದ್ದೊಡನೆ ಅವನಿಗೆ ಎಲ್ಲವೂ ಇದ್ದದ್ದು ಇದ್ದ ಹಾಗೆ ಮರಳುತ್ತದೆ. ನೆನಪೆಂಬುದು ಬೀಗ ಹಾಕಿದ ಪೆಟ್ಟಿಗೆ, ಬೀಗದಕೈ ಸಿಕ್ಕರೆ ಒಳಗಿನ ವಸ್ತು ಕೆಡದೆ ಸಿಕ್ಕುತ್ತದೆ ಎಂಬ ನಂಬಿಕೆ ಅಲ್ಲಿದೆ. ರಹಸ್ಯಕಥೆಗಳ ಬಹುಪಾಲು ಲೇಖಕರು ಇಂದಿಗೂ ಈ ನಂಬಿಕೆಯ ಮೇಲೆಯೇ ಕಥೆ ಕಟ್ಟುತ್ತಾರೆ.

ಇಂಗ್ಲಿಷಿನಲ್ಲಿ ಈ ಜಾತಿಯ ಕಥೆಗೆ ಹಿರಿಯಣ್ಣನೆನ್ನಬಹುದಾದದ್ದು ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’. ಕನ್ನಡಿಗರಿಗೆ ಅದರ ಮೊದಲ ಪುಟಗಳು ವಿಶೇಷವಾಗಿ ತಟ್ಟುತ್ತವೆ, ಏಕೆಂದರೆ ಕಥೆ ಆರಂಭವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಕೋಟೆ ಬಿದ್ದಾಗ ನಡೆದ ಲೂಟಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಕಾವಲಿನವರನ್ನು ಕೊಂದು ಒಂದು ವಜ್ರವನ್ನು ಅಪಹರಿಸುತ್ತಾನೆ. ವಜ್ರ ಕಾಲಿನ್ಸನ ಕಲ್ಪನೆ, ಲೂಟಿ ಚರಿತ್ರೆ. ಆ ವಜ್ರ ಅರ್ಧ ಶತಮಾನದ ಬಳಿಕ ರೇಚಲ್ ಎಂಬ ತರುಣಿಗೆ ಹದಿನೆಂಟನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಅದೇ ರಾತ್ರಿ ಮಾಯವಾಗುತ್ತದೆ. ಅದನ್ನು ಹುಡುಕಲು ಎಲ್ಲರಿಗಿಂತ ಹೆಚ್ಚು ಶ್ರಮಪಡುವವನು ಫ್ರಾಂಕ್ಲಿನ್ ಬ್ಲೇಕ್. ಕಳ್ಳನ ಗುರುತೆಂದು ತಿಳಿದಿದ್ದ, ಬಣ್ಣ ಮೆತ್ತಿದ ಅಂಗಿಯೊಂದು ಕೊನೆಗೆ ಸಿಕ್ಕುತ್ತದೆ. ಅದರ ಮೇಲೆ ಹೊಲಿದಿರುವುದು ಬ್ಲೇಕನ ಹೆಸರು. ಹುಡುಕುತ್ತಿದ್ದವನೇ ತೆಗೆದವನು, ಆದರೆ ಅವನಿಗೆ ಅದರ ನೆನಪೇ ಇಲ್ಲ.

ಆ ರಾತ್ರಿ ಕ್ಯಾಂಡಿ ಎಂಬ ವೈದ್ಯ, ಔಷಧಿಯ ಮಹಿಮೆಯನ್ನು ಸಾಧಿಸಿ ತೋರಿಸುವ ಹಟದಿಂದ, ನಿದ್ರೆ ಬಾರದ ಬ್ಲೇಕನಿಗೆ ತಿಳಿಯದಂತೆ ಅಫೀಮಿನ ಕಷಾಯ ಕುಡಿಸಿದ್ದ. ಮುಂದೆ ಆ ವೈದ್ಯನೂ ಜ್ವರ ಬಂದು ತನ್ನ ನೆನಪನ್ನು ಕಳೆದುಕೊಳ್ಳುತ್ತಾನೆ. ಆತನ ಸಹಾಯಕ ಎಜ್ರಾ ಜೆನ್ನಿಂಗ್ಸ್ ಜ್ವರದ ಕನವರಿಕೆಯ ತುಂಡುಮಾತುಗಳನ್ನು ಬರೆದಿಟ್ಟುಕೊಂಡು, ನಡುವಿನ ಖಾಲಿ ಜಾಗಗಳನ್ನು ತುಂಬಿ, ನಡೆದದ್ದನ್ನು ಊಹಿಸುತ್ತಾನೆ. ಆಮೇಲೆ ಬ್ಲೇಕನ ಒಪ್ಪಿಗೆ ಪಡೆದು, ಸಾಕ್ಷಿಗಳ ಎದುರಿಗೆ, ಅದೇ ಮನೆಯಲ್ಲಿ ಅದೇ ಔಷಧಿಯನ್ನು ಮತ್ತೊಮ್ಮೆ ಕೊಟ್ಟು ನೋಡುತ್ತಾನೆ. ಕಾಲಿನ್ಸ್ ತಾನೇ ಸಂಧಿವಾತದ ನೋವಿಗೆ ಅಫೀಮಿನ ಕಷಾಯ ಕುಡಿಯುತ್ತಿದ್ದವನಾದ್ದರಿಂದ ಈ ಭಾಗದಲ್ಲಿ ಅನುಭವದ ಕಾವು ಇದೆ. ಆದರೆ ನಾನು ನಿಮ್ಮ ಗಮನಕ್ಕೆ ತರಬಯಸುವುದು ಜೆನ್ನಿಂಗ್ಸನ ಮನಸ್ಸನ್ನು. ಆತನೂ ಒಂದು ಸುಳ್ಳು ಆಪಾದನೆಯ ಹೊರೆ ಹೊತ್ತವನು, ಸಾವಿನ ಹತ್ತಿರ ಬಂದವನು. ತನ್ನ ಹೆಸರಿಗೆ ಅಂಟಿದ್ದನ್ನು ತೊಳೆದುಕೊಳ್ಳಲಾರದವನು ಇನ್ನೊಬ್ಬನ ಹೆಸರನ್ನಾದರೂ ತೊಳೆಯಲು ಬಯಸುತ್ತಾನೆ. ಅವನು ಕೇಳುವುದು ಬಿಡಿಸಲಿಕ್ಕಾಗಿ.

ಇನ್ನು ಆ ಹುಡುಗಿ ತಂದ ಪುಸ್ತಕಕ್ಕೆ ಬರುತ್ತೇನೆ. ಅದು ಅಮೆರಿಕದ ರಾಬರ್ಟ್ ಕಾರ್ಮಿಯರ್ 1977ರಲ್ಲಿ ಪ್ರಕಟಿಸಿದ ‘ಐ ಆ್ಯಮ್ ದಿ ಚೀಸ್’. ಕಾರ್ಮಿಯರ್ ಮಸಾಚುಸೆಟ್ಸ್ ರಾಜ್ಯದ ಲೆಮಿನ್‌ಸ್ಟರ್ ಎಂಬ ಊರಿನವನು, ಬಹುಕಾಲ ಪತ್ರಿಕೆಯಲ್ಲಿ ದುಡಿದವನು. ಎಳೆಯರಿಗಾಗಿ ಬರೆಯುವಾಗ ಸಿಹಿ ಮುಕ್ತಾಯವನ್ನು ಬೆರೆಸಲೇಬೇಕೆಂಬ ವಾಡಿಕೆಯನ್ನು ಮುರಿದವರಲ್ಲಿ ಆತ ಮುಖ್ಯನಾದವನು. ಪುಸ್ತಕದ ಹೆಸರು ಮಕ್ಕಳ ಆಟದ ಹಾಡೊಂದರಿಂದ ಬಂದದ್ದು. ಆ ಆಟದಲ್ಲಿ ಒಬ್ಬೊಬ್ಬರೂ ಜೊತೆಗಾರರನ್ನು ಆರಿಸಿಕೊಳ್ಳುತ್ತ ಹೋಗಿ, ಕಟ್ಟಕಡೆಗೆ ಚೀಸ್ ಆದವನು ಒಂಟಿಯಾಗಿ ನಿಲ್ಲುತ್ತಾನೆ.

ಕಥೆ ಎರಡು ಎಳೆಗಳಲ್ಲಿ ಸಾಗುತ್ತದೆ. ಒಂದರಲ್ಲಿ ಆ್ಯಡಮ್ ಫಾರ್ಮರ್ ಎಂಬ ಹುಡುಗ ಮಸಾಚುಸೆಟ್ಸಿನ ತನ್ನ ಊರಿನಿಂದ ವರ್ಮಾಂಟ್ ರಾಜ್ಯದ ಇನ್ನೊಂದು ಊರಿಗೆ, ಸೈಕಲ್ ಬುಟ್ಟಿಯಲ್ಲಿ ಒಂದು ಪೊಟ್ಟಣವಿಟ್ಟುಕೊಂಡು, ತಂದೆಯನ್ನು ನೋಡಲು ಹೊರಟಿದ್ದಾನೆ. ಇನ್ನೊಂದು ಎಳೆ ಬರಿಯ ಪ್ರಶ್ನೋತ್ತರ. ಧ್ವನಿಮುದ್ರಣದಿಂದ ಇಳಿಸಿಕೊಂಡ ಕಡತದಂತೆ ಅದು ಅಚ್ಚಾಗಿದೆ. ಬ್ರಿಂಟ್ ಎಂಬಾತ ಕೇಳುತ್ತಾನೆ, ಹುಡುಗ ಹೇಳುತ್ತಾನೆ. ತನ್ನ ಹೆಸರಿನಲ್ಲಿ ಎರಡು ಜನನಪತ್ರಗಳಿದ್ದದ್ದು, ತಾಯಿ ವಾರಕ್ಕೊಮ್ಮೆ ಬಾಗಿಲು ಮುಚ್ಚಿಕೊಂಡು ಯಾರೊಡನೆಯೋ ದೂರವಾಣಿಯಲ್ಲಿ ಮಾತನಾಡುತ್ತಿದ್ದದ್ದು, ಮನೆಗೆ ಆಗಾಗ ಬರುತ್ತಿದ್ದ ಬೂದುಬಣ್ಣದ ಮನುಷ್ಯ – ಇವೆಲ್ಲ ಹನಿಹನಿಯಾಗಿ ಬರುತ್ತವೆ. ತಂದೆ ಒಮ್ಮೆ ಪತ್ರಿಕಾ ವರದಿಗಾರನಾಗಿದ್ದ. ಅಧಿಕಾರದಲ್ಲಿದ್ದವರಿಗೂ ಪಾತಕಿಗಳಿಗೂ ಇದ್ದ ನಂಟನ್ನು ಕುರಿತು ಸಾಕ್ಷಿ ನುಡಿದ. ಪ್ರಾಣ ಉಳಿಸಿಕೊಳ್ಳಲು ಸಂಸಾರವೆಲ್ಲ ಹೆಸರು ಬದಲಿಸಿಕೊಂಡು ಬೇರೆ ಊರಿನಲ್ಲಿ ಬದುಕಬೇಕಾಯಿತು. ಸಾಕ್ಷಿಗಳನ್ನು ಹೀಗೆ ಹೊಸ ಹೆಸರಿನಲ್ಲಿ ಅಡಗಿಸಿಡುವ ಏರ್ಪಾಡಿಗೆ ಅಮೆರಿಕದಲ್ಲಿ 1970ರ ಕಾಯಿದೆಯೊಂದು ಆಧಾರ ಒದಗಿಸಿತ್ತು.

ರಹಸ್ಯಕಥೆಯ ಕೊನೆಯನ್ನು ಬಾನುಲಿಯಲ್ಲಿ ಬಯಲುಮಾಡುವುದು ಕೇಳುಗರಿಗೆ ಮಾಡುವ ದ್ರೋಹ. ಆದ್ದರಿಂದ ತಂದೆತಾಯಿಯರು ಏನಾದರು, ಸೈಕಲ್ ಎಲ್ಲಿಗೆ ಮುಟ್ಟಿತು ಎಂಬುದನ್ನು ನಾನು ಹೇಳುವುದಿಲ್ಲ. ಇಷ್ಟನ್ನು ಮಾತ್ರ ಹೇಳಬಹುದು. ಮೊದಲು ನಾವು ಬ್ರಿಂಟನನ್ನು ವೈದ್ಯನೆಂದೇ ತಿಳಿಯುತ್ತೇವೆ. ನಾಲ್ಕಾರು ಸಂದರ್ಶನಗಳಾದ ಮೇಲೆ ಒಂದು ಕಸಿವಿಸಿ ಆರಂಭವಾಗುತ್ತದೆ. ಹುಡುಗ ತನ್ನ ಗೆಳತಿ ಏಮಿಯ ತುಂಟತನವನ್ನು ಹೇಳಲು ಹೊರಟರೆ ಈತನಿಗೆ ಅದು ಬೇಡ; ತಂದೆಗೆ ಏನೇನು ತಿಳಿದಿತ್ತು ಎಂಬಲ್ಲಿಗೇ ಮಾತು ಎಳೆಯುತ್ತಾನೆ. ಹುಡುಗನಿಗೆ ಗುಳಿಗೆಗಳನ್ನು ಕೊಡುತ್ತಾರೆ, ಸೂಜಿ ಚುಚ್ಚುತ್ತಾರೆ. ಇವನಿಗೆ ಬೇಕಾದದ್ದು ಹುಡುಗನ ಆರೋಗ್ಯವೋ, ಹುಡುಗನ ತಲೆಯೊಳಗಿರಬಹುದಾದ ಒಂದು ಸುದ್ದಿಯೋ? ಈ ಸಂಶಯ ಮನಸ್ಸನ್ನು ಹೊಕ್ಕಮೇಲೆ ಓದುಗನಿಗೆ ವಿಚಿತ್ರವಾದ ಇಕ್ಕಟ್ಟು. ರಹಸ್ಯ ಒಡೆಯಬೇಕೆಂಬ ಆಸೆಯೂ ಇದೆ, ಹುಡುಗನಿಗೆ ನೆನಪು ಬಾರದಿರಲಿ ಎಂಬ ಹಾರೈಕೆಯೂ ಇದೆ. ನನ್ನನ್ನು ಕೇಳಿದ ಹುಡುಗಿ ಈ ಇಕ್ಕಟ್ಟಿನಲ್ಲೇ ಇದ್ದಳು.

ಜೆನ್ನಿಂಗ್ಸ್ ಕೇಳಿದ, ಬ್ರಿಂಟನೂ ಕೇಳಿದ. ಮರೆತವನ ಕಥೆಯಲ್ಲಿ ನಾವು ಮರೆತವನನ್ನೇ ನೋಡುತ್ತಿರುತ್ತೇವೆ. ಕೇಳುವವನನ್ನು ನೋಡುವುದೇ ಇಲ್ಲ. ನೋಡಬೇಕಾದ ಅಗತ್ಯ ಎಷ್ಟೆಂಬುದು ನೆನಪು ಹೇಗೆ ಕೆಲಸಮಾಡುತ್ತದೆಂದು ತಿಳಿದಾಗ ಸ್ಪಷ್ಟವಾಗುತ್ತದೆ.

ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ 1932ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟದ್ದು, ನೆನಪು ಬೀಗ ಹಾಕಿದ ಪೆಟ್ಟಿಗೆಯಲ್ಲ ಎಂಬುದನ್ನು. ಪರದೇಶದ ಜನಪದ ಕಥೆಯೊಂದನ್ನು ಓದಿಸಿ, ಕಾಲ ಕಳೆದಂತೆ ಮತ್ತೆ ಮತ್ತೆ ಹೇಳಿಸಿದಾಗ, ಹೇಳುವವರು ಕಥೆಯನ್ನು ತಮಗೆ ಒಗ್ಗುವಂತೆ ಬದಲಿಸಿಕೊಳ್ಳುತ್ತ ಹೋದರು, ಬದಲಿಸಿದ್ದೇವೆಂಬ ಅರಿವೂ ಇಲ್ಲದೆ. ನೆನೆಯುವುದೆಂದರೆ ಪ್ರತಿಸಲವೂ ಹೊಸದಾಗಿ ಕಟ್ಟುವುದು. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ಮಂದಿ ವಿದ್ಯಾರ್ಥಿಗಳಿಗೆ ಮೋಟಾರು ಅಪಘಾತದ ಚಿತ್ರ ತೋರಿಸಿದರು. 50 ಮಂದಿಗೆ, ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗವೆಷ್ಟಿತ್ತು ಎಂದೂ, ಇನ್ನು 50 ಮಂದಿಗೆ, ತಗುಲಿದಾಗ ವೇಗವೆಷ್ಟಿತ್ತು ಎಂದೂ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯೇ ಇರಲಿಲ್ಲ. ಒಂದು ವಾರದ ಬಳಿಕ, ಒಡೆದ ಗಾಜನ್ನು ನೋಡಿದಿರಾ ಎಂದು ಎಲ್ಲರನ್ನೂ ಕೇಳಲಾಯಿತು. ‘ಅಪ್ಪಳಿಸಿದಾಗ’ ಎಂಬ ಮಾತನ್ನು ಕೇಳಿದ್ದವರಲ್ಲಿ 16 ಮಂದಿ ನೋಡಿದೆವೆಂದರು. ‘ತಗುಲಿದಾಗ’ ಎಂಬುದನ್ನು ಕೇಳಿದ್ದವರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಪ್ರಶ್ನೆಯ ಒಂದು ಕ್ರಿಯಾಪದ ಹೋಗಿ ನೆನಪಿನಲ್ಲಿ ಗಾಜಿನ ಚೂರುಗಳನ್ನು ಹರಡಿತ್ತು.

ಅದೇ 1974ರಲ್ಲಿ, ಭೂಗೋಳದ ಉತ್ತರದ ಅಂಚಿನ ಐಸ್‌ಲ್ಯಾಂಡಿನಲ್ಲಿ ಇಬ್ಬರು ಕಾಣೆಯಾದರು. ಜನವರಿಯಲ್ಲಿ ಹದಿನೆಂಟು ವರ್ಷದ ಗುಡ್‌ಮುಂಡುರ್, ನವೆಂಬರಿನಲ್ಲಿ ಮೂವತ್ತೆರಡರ ಗೇರ್‌ಫಿನ್ನುರ್. ಇಬ್ಬರ ದೇಹಗಳೂ ಸಿಕ್ಕಲಿಲ್ಲ. ಆಗ ಆ ದೇಶದ ಜನಸಂಖ್ಯೆ ಎರಡು ಲಕ್ಷಕ್ಕೆ ತುಸು ಹೆಚ್ಚು. ಅಷ್ಟು ಸಣ್ಣ ನಾಡಿನಲ್ಲಿ ಕೊಲೆಯ ಸಂಶಯ ಹಬ್ಬಿದರೆ ಪೊಲೀಸರ ಮೇಲೆ ಎಂಥ ಒತ್ತಡವಿರುತ್ತದೆಂಬುದನ್ನು ಊಹಿಸಬಹುದು. 1975ರ ಕೊನೆಗೆ, ಹಣದ ವಂಚನೆಯ ಬೇರೊಂದು ಪ್ರಕರಣದಲ್ಲಿ ಇಪ್ಪತ್ತು ವರ್ಷದ ತರುಣಿಯೊಬ್ಬಳು ಬಂಧಿತಳಾದಳು. ಆಕೆಯದು ಎಳೆಗೂಸಿನ ಮಡಿಲು. ಗುಡ್‌ಮುಂಡುರ್ ಕಾಣೆಯಾದ ರಾತ್ರಿ ತಾನೊಂದು ಕೆಟ್ಟ ಕನಸು ಕಂಡಿದ್ದೆನೆಂದು ವಿಚಾರಣೆಯಲ್ಲಿ ಆಕೆ ಹೇಳಿದಳು. ಆ ಕನಸೇ ಬೀಜವಾಯಿತು. ಒಬ್ಬರಾದ ಮೇಲೊಬ್ಬರಂತೆ ಆರು ಮಂದಿ ಸಿಕ್ಕಿಬಿದ್ದರು, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಅವರಲ್ಲೊಬ್ಬನನ್ನು 600 ದಿನಗಳಿಗೂ ಹೆಚ್ಚು ಕಾಲ ಏಕಾಂತ ಸೆರೆಯಲ್ಲಿಟ್ಟಿದ್ದರು. ಪ್ರಶ್ನೆ, ಮತ್ತೆ ಪ್ರಶ್ನೆ, ನಿದ್ರೆಗೆ ಗುಳಿಗೆ. ನಡುನಡುವೆ ಹೆಣ ಹೂತ ಜಾಗ ತೋರಿಸೆಂದು ಲಾವಾ ಬಯಲುಗಳಲ್ಲಿ ತಿರುಗಾಟ. ಕಡೆಗೆ ಅವರು ತಪ್ಪೊಪ್ಪಿಕೊಂಡರು. ಕೆಲವರಿಗೆ ತಾವು ಮಾಡಿದ ನೆನಪಿರಲಿಲ್ಲ. ಆದರೆ ಅಷ್ಟು ಮಂದಿ ಅಷ್ಟು ಕಾಲ ಹೇಳುತ್ತಿರುವಾಗ ತಮ್ಮ ನೆನಪನ್ನೇ ಅವರು ನಂಬದಾದರು. ದೇಹವಿಲ್ಲ, ಆಯುಧವಿಲ್ಲ, ಭೌತಿಕ ಸಾಕ್ಷ್ಯವಿಲ್ಲ. ಆದರೂ 1980ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ಗಿಸ್ಲಿ ಗುಡ್‌ಯೋನ್ಸನ್ ಎಂಬಾತ ಆ ದೇಶದವನೇ, ಹಿಂದೆ ಪೊಲೀಸಿನಲ್ಲಿದ್ದವನು, ಮುಂದೆ ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞನಾಗಿ ಹೆಸರಾದವನು. ಮನುಷ್ಯ ತನ್ನ ನೆನಪಿನ ಮೇಲೆ ನಂಬಿಕೆ ಕಳೆದುಕೊಂಡು ಪರರ ಮಾತಿಗೆ ಜೋತುಬೀಳುವ ಈ ಸ್ಥಿತಿಗೆ ಆತ ಸಹೋದ್ಯೋಗಿ ಜೇಮ್ಸ್ ಮೆಕೀತ್‌ನೊಡನೆ 1982ರಲ್ಲಿ ಒಂದು ಹೆಸರು ಕೊಟ್ಟ. ಅದನ್ನು ಕನ್ನಡದಲ್ಲಿ ‘ಸ್ಮೃತಿಯ ಅಪನಂಬಿಕೆ’ ಎನ್ನಬಹುದು. ಸೆರೆಯಲ್ಲಿದ್ದವರಲ್ಲೊಬ್ಬ ಬರೆದಿಟ್ಟ ದಿನಚರಿ 2011ರಲ್ಲಿ ಆತನ ಕೈಸೇರಿತು. ಸರ್ಕಾರ ಮರುಪರಿಶೀಲನೆಗೆ ಸಮಿತಿ ನೇಮಿಸಿತು. 2018ರ ಸೆಪ್ಟೆಂಬರ್ 27ರಂದು ಅದೇ ಸರ್ವೋಚ್ಚ ನ್ಯಾಯಾಲಯ ಐವರು ಗಂಡಸರನ್ನು ಕೊಲೆಯ ಆರೋಪದಿಂದ ಮುಕ್ತಗೊಳಿಸಿತು. ಅವರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ತಾನು ಅನ್ಯರ ಮೇಲೆ ಸುಳ್ಳು ಹೇಳಿದಳೆಂಬ ಆ ಹೆಂಗಸಿನ ಶಿಕ್ಷೆ ಮಾತ್ರ ಉಳಿಯಿತು. 2022ರಲ್ಲಿ ಸರ್ಕಾರ ಆಕೆಯ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು.

ಈ ವೃತ್ತಾಂತವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವನ್ನು ಹೇಳದೆ ಮಾತು ಮುಗಿಸಿದರೆ ಅರ್ಧ ಹೇಳಿದಂತಾಗುತ್ತದೆ.

ನಾನು ಅಧ್ಯಾಪಕನಾಗಿ ಸೇರಿದ ಹೊಸತು. ವಿದ್ಯಾರ್ಥಿನಿಲಯದಲ್ಲಿ ಪರೀಕ್ಷಾಶುಲ್ಕದ ಹಣದ ಲಕೋಟೆಯೊಂದು ಕಾಣೆಯಾಯಿತು. ಆ ಮಧ್ಯಾಹ್ನ ಎಲ್ಲರೂ ತರಗತಿಯಲ್ಲಿದ್ದರು. ಜ್ವರದಿಂದ ಮಲಗಿದ್ದ ಒಬ್ಬ ಹುಡುಗ ಮಾತ್ರ ನಿಲಯದಲ್ಲಿದ್ದ. ಮೂವರು ಅಧ್ಯಾಪಕರು ಮೂರು ಸಂಜೆ ಅವನನ್ನು ಕೂರಿಸಿಕೊಂಡು ಕೇಳಿದೆವು. ಉಳಿದಿಬ್ಬರು ಗದರಿಸಿದರು. ನಾನು ಗದರಿಸಲಿಲ್ಲ. ದಯೆಯಿಂದ ಮಾತನಾಡುತ್ತಿದ್ದೇನೆಂಬ ತೃಪ್ತಿ ನನಗಿತ್ತು. “ಜ್ವರದ ತಾಪದಲ್ಲಿ ಎದ್ದು ತೆಗೆದಿಟ್ಟಿರಬಹುದಪ್ಪ, ಮರೆತಿರಬಹುದು. ಚೆನ್ನಾಗಿ ಯೋಚಿಸಿ ನೋಡು” ಎಂದೆ. ಮೊದಲ ಸಂಜೆ ಅವನು “ಇಲ್ಲ ಸಾರ್” ಎಂದ. ಎರಡನೆಯ ಸಂಜೆ “ನೆನಪಿಲ್ಲ ಸಾರ್” ಎಂದ. ಮೂರನೆಯ ಸಂಜೆ ತಲೆ ತಗ್ಗಿಸಿಕೊಂಡು “ತೆಗೆದಿರಬೇಕು ಸಾರ್” ಎಂದ. ಟ್ರಂಕಿನ ಹಿಂದೆ ಇಟ್ಟಿರಬೇಕೆಂದೂ ಹೇಳಿದ. ಅಲ್ಲಿ ಏನೂ ಇರಲಿಲ್ಲ. ಬೇರೆಲ್ಲೋ ಇಟ್ಟಿರಬೇಕೆಂದು ನಾವೇ ತೀರ್ಮಾನಿಸಿದೆವು. ಹತ್ತು ದಿನಗಳ ಮೇಲೆ ಲಕೋಟೆ ಕಚೇರಿಯ ಬೀರುವಿನಲ್ಲಿ, ಲೆಕ್ಕದ ಪುಸ್ತಕವೊಂದರ ಹಾಳೆಗಳ ನಡುವೆ ಸಿಕ್ಕಿತು. ಹುಡುಗ ಅಷ್ಟರಲ್ಲಿ ಊರಿಗೆ ಹೋಗಿದ್ದ. ಅವನು ಮರಳಿ ಬರಲಿಲ್ಲ. ನಾನು ಬರೆದ ಕಾಗದಕ್ಕೆ ಉತ್ತರವೂ ಬರಲಿಲ್ಲ.

ನಾನು ಕನ್ನಡದ ಅಧ್ಯಾಪಕ. ‘ತೆಗೆದೆ’ ಎಂಬುದಕ್ಕೂ ‘ತೆಗೆದಿರಬೇಕು’ ಎಂಬುದಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತಿಳಿಸುತ್ತಿದ್ದವನು. ಮೊದಲನೆಯದು ನಡೆದದ್ದನ್ನು ಹೇಳುವ ಮಾತು, ಎರಡನೆಯದು ಊಹಿಸುವ ಮಾತು. ತನ್ನ ಕೈ ಮಾಡಿದ ಕೆಲಸವನ್ನು ಹೇಳುವವನು ‘ಇರಬೇಕು’ ಎನ್ನುವುದಿಲ್ಲ. ಅನ್ಯರ ಮಾತಿನಿಂದ ತನ್ನ ಕೆಲಸವನ್ನು ತಿಳಿದುಕೊಂಡವನು ಹಾಗೆ ಹೇಳುತ್ತಾನೆ. ಆ ಹುಡುಗನ ವ್ಯಾಕರಣ ಸರಿಯಾಗಿತ್ತು. ತನಗೆ ಗೊತ್ತಿಲ್ಲವೆಂಬುದನ್ನು ಅವನು ಶುದ್ಧ ಕನ್ನಡದಲ್ಲಿ ಹೇಳಿದ್ದ. ಕೇಳುತ್ತಿದ್ದ ನನಗೆ ಬೇಕಾದದ್ದು ಲಕೋಟೆ. ಆದ್ದರಿಂದ ಆ ಒಂದು ಪ್ರತ್ಯಯ ನನ್ನ ಕಿವಿಗೆ ಬೀಳಲಿಲ್ಲ.

ಕಾನೂನು ರಚಿಸಿದವರು ಈ ವಿಷಯದಲ್ಲಿ ನನಗಿಂತ ಜಾಣರು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸಬಾರದೆಂದು 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಅಧಿನಿಯಮವೂ ತನ್ನ 23ನೆಯ ಕಲಮಿನಲ್ಲಿ ಆ ನಿಯಮವನ್ನು ಉಳಿಸಿಕೊಂಡಿದೆ. ಸೂಜಿಮದ್ದಿನ ಮಂಪರಿನಲ್ಲಿ ಸತ್ಯವನ್ನು ಹೊರಡಿಸುವ ಪರೀಕ್ಷೆಗಳು ನಮ್ಮ ಬೆಂಗಳೂರಿನಲ್ಲೂ ನಡೆದು ಒಂದು ಕಾಲಕ್ಕೆ ದೊಡ್ಡ ಸುದ್ದಿಯಾಗಿದ್ದವು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಜೆನ್ನಿಂಗ್ಸ್ ಔಷಧಿ ಕೊಡುವ ಮುನ್ನ ಬ್ಲೇಕನ ಒಪ್ಪಿಗೆ ಪಡೆದಿದ್ದನೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು.

ಇಷ್ಟೆಲ್ಲ ಯೋಚಿಸಿದ ಮೇಲೆ ಹುಡುಗಿಯನ್ನು ಕರೆದು ಹೇಳಿದೆ: “ನೆನಪು ಬಂದರೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಹುಡುಗನ ಮುಖ ನೋಡಿ ಹೇಳಲಾಗದಮ್ಮ. ಎದುರಿಗೆ ಕೂತು ಕೇಳುತ್ತಿರುವವನು ಯಾರು, ಆ ನೆನಪಿನಿಂದ ಅವನಿಗೆ ಆಗಬೇಕಾದದ್ದೇನು – ಅದನ್ನು ನೋಡಿ ಹೇಳಬೇಕು.” ಆಕೆ ಅಷ್ಟರಲ್ಲಿ ಪುಸ್ತಕ ಮುಗಿಸಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕವನ್ನು ನನ್ನ ಮೇಜಿನಿಂದ ಮತ್ತೆ ಕೈಗೆತ್ತಿಕೊಂಡಳು. ಏಕೆಂದು ಕೇಳಿದೆ.

“ಈ ಸಲ ಬ್ರಿಂಟ್ ಹೇಳೋ ಮಾತನ್ನು ಮಾತ್ರ ಓದ್ತೀನಿ, ತಾತ” ಎಂದಳು.

(ಬಾನುಲಿ ಭಾಷಣ)